ಅಲೆಯ ಹಲಗೆಗೆ ಎರಡು ಕಂಬ

ಊರಿನಿಂದ ನಾಗಪುರಕ್ಕೆ ನೆಂಟರು ಬಂದರೆ ನಾವೆಲ್ಲರೂ ಮಾಡುವ ಕೆಲಸ ಒಂದೇ. ಮೊದಲು ದೀಕ್ಷಾಭೂಮಿ, ಆಮೇಲೆ ಅಂಬಾಝರಿ ಕೆರೆ, ಕೊನೆಗೆ ಝೀರೋ ಮೈಲ್ ಕಂಬ. ಬ್ರಿಟಿಷರ ಕಾಲದ ಆ ಕಲ್ಲುಕಂಬದ ಹತ್ತಿರ, ನಾಲ್ಕು ಕುದುರೆಗಳ ಮುಂದೆ ಅವರನ್ನು ನಿಲ್ಲಿಸಿ, "ಇದೇ ನೋಡಿ ಭಾರತದ ನಡುಮಧ್ಯ" ಎಂದು ಸ್ವಂತ ಆಸ್ತಿಯನ್ನು ತೋರಿಸುವವರಂತೆ ಹೇಳಿ ಫೋಟೋ ತೆಗೆಯುವುದುಂಟು. ನಡುಮಧ್ಯವೆಂಬುದಕ್ಕೆ ಇನ್ನೊಂದು ಅರ್ಥವೂ ಇದೆಯೆಂಬುದು ನಮಗೆ ಹೊಳೆದದ್ದು ಇತ್ತೀಚೆಗೆ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಮುಂಬಯಿಯ ಕಡಲನ್ನು ನೋಡಬೇಕಾದರೂ ಒಂದು ಇಡೀ ರಾತ್ರಿ ರೈಲಿನಲ್ಲಿ ಕೂರಬೇಕು.

ಇಂಥ ಊರಿನ ಸರಕಾರಿ ಕ್ವಾರ್ಟರ್ಸಿನ ಹಿತ್ತಲಲ್ಲಿ, 2024ರ ಡಿಸೆಂಬರಿನ ಚಳಿಯಲ್ಲಿ, ಕಡಲ ಅಲೆಯ ಮೇಲೆ ನಿಂತು ಸಾಗುವ ಹಲಗೆಯೊಂದು ತಯಾರಾಯಿತೆಂದರೆ ಓದುಗರು ನಂಬಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಸರ್ಫ್ ಬೋರ್ಡು ಎನ್ನುತ್ತಾರೆ. ಬೋರ್ಡನ್ನು ಮಾಡಿದವನು ನಮ್ಮ ಅಕ್ಕನ ಮಗ. ಅದನ್ನು ಹೊತ್ತು ನಿಂತ ಎರಡು ಸ್ಟ್ಯಾಂಡುಗಳನ್ನು ಮಾಡಿದವರು ನಾವು. ಆದುದರಿಂದ ಇಲ್ಲಿ ನಮ್ಮ ಪಾಲಿನದನ್ನೇ ಹೆಚ್ಚಾಗಿ ಹೇಳುತ್ತೇವೆ.

ನಮ್ಮ ಅಕ್ಕನ ಮನೆ ಮುಲ್ಕಿಯ ಹತ್ತಿರ. ದಕ್ಷಿಣ ಕನ್ನಡದವರಿಗೆ ಮುಲ್ಕಿಯನ್ನು ಪರಿಚಯಿಸಬೇಕಾಗಿಲ್ಲ. ಬಯಲುಸೀಮೆಯ ನಮ್ಮ ಬಂಧುಗಳಿಗಾಗಿ ಹೇಳುವುದಾದರೆ, ಅದು ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಅಲ್ಲಿ ಶಾಂಭವಿ ಹೊಳೆ ಇದೆ. ಸಸಿಹಿತ್ಲು ಎಂಬಲ್ಲಿ ಶಾಂಭವಿಯೂ ನಂದಿನಿಯೂ ಸೇರಿಕೊಂಡು ಕಡಲಿಗೆ ಬೀಳುತ್ತವೆ. ನಾವು ಹೈಸ್ಕೂಲಿನಲ್ಲಿದ್ದಾಗ, ಅಂದರೆ 2004ರಲ್ಲಿ, ಸರ್ಫಿಂಗ್ ಸ್ವಾಮಿ ಎಂದು ಹೆಸರಾದ ಜ್ಯಾಕ್ ಹೆಬ್ನರ್ ಎಂಬ ಅಮೆರಿಕದವರು ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಭಾರತದ ಮೊದಲ ಸರ್ಫ್ ಕ್ಲಬ್ಬೆಂದು ಅದನ್ನು ಕರೆಯುತ್ತಾರೆ. ಅಲ್ಲಿಯವರೆಗೆ ನಮಗೆ ಅಲೆಯೆಂದರೆ ದೂರದಿಂದ ಕೈಮುಗಿದು ನೋಡುವ ವಸ್ತು. ಮೀನಿಗೆ ಹೋಗುವವರಿಗೆ ದಾಟಬೇಕಾದ ಗೋಡೆ. ಅದರ ಮೇಲೆ ಏರಿ ಸವಾರಿ ಮಾಡುವವರೂ ಉಂಟೆಂದು ಆಗ ಕಂಡೆವು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಊರಿನ ಮಕ್ಕಳೇ ಸವಾರರಾದರು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಎಂಬ ದೇಶಮಟ್ಟದ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿಗೆ ಸೇರಿತು.

ನಮ್ಮ ಅಳಿಯ ಬೆಳೆದದ್ದು ಈ ಗಾಳಿಯಲ್ಲಿ. ಹುಡುಗ ಡಿಗ್ರಿಯ ಕೊನೆಯ ವರ್ಷ ಮುಗಿಸುವಾಗ ಎರಡು ವಿಷಯಗಳನ್ನು ಉಳಿಸಿಕೊಂಡ. ಭಾವ ಕೊಲ್ಲಿಯ ದೇಶದಲ್ಲಿ ದುಡಿಯುವವರು; ಮನೆಯ ಭಾರವೆಲ್ಲ ಅಕ್ಕನ ತಲೆಯ ಮೇಲೆ. ಅಕ್ಕನ ಲೆಕ್ಕದಲ್ಲಿ ಎರಡು ವಿಷಯಗಳನ್ನೂ ನುಂಗಿದ್ದು ಕಡಲೇ. ಆಕೆ ಭೂಪಟವನ್ನು ಮುಂದಿಟ್ಟುಕೊಂಡು, ಯಾವ ಸಂಬಂಧಿಕನ ಮನೆ ಸಮುದ್ರದಿಂದ ಅತಿ ದೂರವೆಂದು ಅಳೆದು ನೋಡಿದಳೋ ಏನೋ, ಒಂದು ದಿನ ಫೋನು ಮಾಡಿ, "ಎಂತ ಮಾಡುವುದು ಮಾರಾಯ, ಇವನನ್ನು ನಿನ್ನಲ್ಲಿಗೇ ಕಳಿಸುತ್ತೇನೆ. ಉಳಿದ ಪರೀಕ್ಷೆಗೆ ಓದಲಿ, ಬ್ಯಾಂಕಿನದಕ್ಕೂ ತಯಾರಿ ಮಾಡಲಿ. ನಿನ್ನ ಹಾಗೆ ಒಂದು ಕುರ್ಚಿ ಸಿಕ್ಕಿದರೆ ಸಾಕು" ಎಂದಳು. ನಮ್ಮ ಕುರ್ಚಿಯನ್ನು ಯಾರಾದರೂ ಆಸೆಯಿಂದ ನೋಡಿದ್ದು ಅದೇ ಮೊದಲು. ನಾವು ಒಪ್ಪಿದೆವು.

ಹುಡುಗ ಬಂದ. ಒಳ್ಳೆಯ ಹುಡುಗ, ಬೆಳಿಗ್ಗೆ ಎದ್ದು ಓದುವನು, ನಮ್ಮ ಮಗಳಿಗೆ ಲೆಕ್ಕ ಹೇಳಿಕೊಡುವನು. ಆದರೆ ಸಂಜೆಯಾದರೆ ಬಾಗಿಲಲ್ಲಿ ನಿಂತು ಬೀದಿಯನ್ನು ನೋಡುತ್ತಿದ್ದ ರೀತಿ ನಮ್ಮ ಶ್ರೀಮತಿಗೆ ಹಿಡಿಸಲಿಲ್ಲ. "ಊಟ ಮಾಡ್ತಾನ, ಓದ್ತಾನ, ಆದ್ರ ಈ ಮನ್ಯಾಗ ಇಲ್ಲ" ಎಂದಳು. ಆಕೆ ಗದಗಿನ ಕಡೆಯವಳು, ಸಮುದ್ರವನ್ನು ಮೊದಲು ಕಂಡದ್ದೇ ಮದುವೆಯಾದ ಮೇಲೆ. ಆದರೂ ಮಗುವಿನ ಮನಸ್ಸು ಎಲ್ಲಿದೆಯೆಂದು ಬೇಗ ತಿಳಿಯಬಲ್ಲಳು. ನವೆಂಬರದ ಕೊನೆಯಲ್ಲಿ ಅವನೇ ಬಾಯಿಬಿಟ್ಟ. ಅವನ ಬೋರ್ಡು ಹಿಂದಿನ ವರ್ಷ ಎರಡು ತುಂಡಾಗಿತ್ತು. ಹೊಸದನ್ನು ಕೊಳ್ಳಬೇಕಾದರೆ ನಮ್ಮ ಸಂಬಳದ ಬಹುಪಾಲು ಹೋಗುತ್ತದೆ. ಆದುದರಿಂದ, ದಿನಕ್ಕೆ ಎರಡು ಗಂಟೆ ಬಿಡುವು ಕೊಟ್ಟರೆ, ಇಲ್ಲಿಯೇ ಥರ್ಮೊಕೋಲಿನಿಂದ ತಾನೇ ಒಂದನ್ನು ಮಾಡಿಕೊಳ್ಳುವೆನೆಂದ.

ಅಕ್ಕನಿಗೆ ತಿಳಿಸದೆ ಒಪ್ಪಬಾರದಿತ್ತು. ಒಪ್ಪಿದೆವು. ಇದನ್ನು ಇಲ್ಲಿ ಬರೆಯುವುದು ಒಂದು ಬಗೆಯ ತಪ್ಪೊಪ್ಪಿಗೆಯೇ.

ಹಲಗೆಯ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಕಾಲದಲ್ಲಿ ಹವಾಯಿ ದ್ವೀಪದವರು ಮರದ ದಿಮ್ಮಿಯಿಂದಲೇ ಇದನ್ನು ಕೆತ್ತುತ್ತಿದ್ದರು; ಎತ್ತಲು ಗಟ್ಟಿಗರೇ ಬೇಕಾಗುತ್ತಿತ್ತು. ಆಮೇಲೆ ಬಾಲ್ಸಾ ಎಂಬ ಹಗುರ ಮರ ಬಂತು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಪಾಲಿಯುರೆಥೇನ್ ಎಂಬ ನೊರೆಯ ಹಲಗೆ ಬಂದು ಮರವನ್ನು ಮೂಲೆಗೆ ತಳ್ಳಿತು. ಆ ನೊರೆಯನ್ನು ಒದಗಿಸುತ್ತಿದ್ದ ದೊಡ್ಡ ಕಾರ್ಖಾನೆ ಕ್ಲಾರ್ಕ್ ಫೋಮ್ 2005ರ ಡಿಸೆಂಬರಿನಲ್ಲಿ ಒಮ್ಮೆಲೇ ಬಾಗಿಲು ಹಾಕಿದಾಗ, ಅಮೆರಿಕದ ಕಸುಬುದಾರರು ಬೇರೆ ಸಾಮಾನು ಹುಡುಕಬೇಕಾಯಿತು. ಹಾಗೆ ಹೆಚ್ಚು ಬಳಕೆಗೆ ಬಂದವುಗಳಲ್ಲಿ ನಮ್ಮ ಥರ್ಮೊಕೋಲೂ ಒಂದು. ಗಣಪತಿಯ ಮಂಟಪಕ್ಕೆ ಬಳಸುವ ಪುಡಿಪುಡಿಯಾಗುವ ಜಾತಿಯಲ್ಲ. ಶೀತಲಗೃಹಗಳ ಗೋಡೆಗೆ ಹಾಕುವ, ಒತ್ತಿದರೆ ಬಗ್ಗದ ಜಾತಿ. ಇದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ರಾಳವನ್ನು ಹೊಯ್ದರೆ ಗಟ್ಟಿ ಚಿಪ್ಪು ಕಟ್ಟುತ್ತದೆ. ಅಗ್ಗವೆಂದು ಪಾಲಿಯೆಸ್ಟರ್ ರಾಳ ಹೊಯ್ದಿರೋ, ಥರ್ಮೊಕೋಲು ಬಿಸಿ ಕಾವಲಿಯ ಮೇಲಿನ ಬೆಣ್ಣೆಯಂತೆ ಕರಗಿಹೋಗುತ್ತದೆ. ಯಾರಾದರೂ ಮಾಡಲು ಹೊರಟರೆ ಇದೊಂದನ್ನು ಮರೆಯಬೇಡಿ.

ಹುಡುಗ ದಪ್ಪ ಥರ್ಮೊಕೋಲನ್ನು ತಂದು, ಕಾಯಿಸಿದ ತಂತಿಯಿಂದ ಉದ್ದಕ್ಕೆ ಸೀಳಿ, ನಡುವೆ ತೆಳ್ಳನೆಯ ಮರದ ಪಟ್ಟಿಯನ್ನಿಟ್ಟು ಅಂಟಿಸಿದ. ಅದು ಬೆನ್ನೆಲುಬು. ಆರು ಅಡಿ ಎರಡಂಗುಲದ ಹಲಗೆ ಬರಬೇಕು, ಅವನ ತೂಕಕ್ಕೆ ಅಷ್ಟು ಬೇಕೆಂದ. ಥರ್ಮೊಕೋಲಿಗೂ, ರಾಳಕ್ಕೂ, ಬಟ್ಟೆಗೂ ಕೊಟ್ಟ ಹಣ ಅವನದೇ. ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಅಲೆಯಲ್ಲಿ ನಿಲ್ಲುವುದನ್ನು ಕಲಿಸಿ ಕೂಡಿಹಾಕಿದ್ದು. ಎರಡನೆಯ ಹಲಗೆಗೆ ಅವನ ಕೈಯಲ್ಲಿ ಹಣವಿರಲಿಲ್ಲ.

ಈಗ ಅದನ್ನು ಏತರ ಮೇಲೆ ಇಟ್ಟು ಕೆತ್ತುವುದು? "ಮಾವ, ಮೊದಲು ಒಂದು ಜೊತೆ ಸ್ಟ್ಯಾಂಡು ಮಾಡಬೇಕು, ಅದಕ್ಕೇ ನಾಲ್ಕು ದಿನ ಬೇಕು" ಎಂದ. ನಮಗೆ ನಗು ಬಂತು. ನಾಗಪುರದಲ್ಲಿ ಸ್ಟ್ಯಾಂಡಿಗೆ ಬರವೇ? ಈ ಊರಿನ ಬೇಸಿಗೆಯಲ್ಲಿ ಪಾದರಸ 45 ಡಿಗ್ರಿ ದಾಟುವುದು ಹೊಸತಲ್ಲ. ಆದ್ದರಿಂದ ಕಿಟಕಿಗೊಂದು ಕೂಲರು, ಕೂಲರಿಗೊಂದು ಕಬ್ಬಿಣದ ಸ್ಟ್ಯಾಂಡು. ದೀಪಾವಳಿಯಿಂದ ಹೋಳಿಯವರೆಗೆ ಅವು ಹಿತ್ತಲಲ್ಲಿ ನಿರುದ್ಯೋಗಿಗಳಾಗಿ ನಿಂತಿರುತ್ತವೆ. ನಮ್ಮದೊಂದು, ಪಕ್ಕದ ಮನೆಯ ಕಾಕುವಿನದೊಂದು, ಎರಡನ್ನೂ ಎಳೆದುಕೊಂಡು ಬಂದೆವು. ಎತ್ತರ ಸರಿಯಾಗಿಯೇ ಇತ್ತು. ನೆಲ ಮಾತ್ರ ಸಮವಿರಲಿಲ್ಲ. ಅಲುಗಾಡುತ್ತಿದ್ದ ಕಾಲಿನ ಕೆಳಗೆ, ಗುಮಾಸ್ತರಿಗೆ ಸಹಜವಾದಂತೆ, ಹಳೆಯ ಸುತ್ತೋಲೆಗಳನ್ನು ನಾಲ್ಕು ಮಡಿಕೆ ಮಾಡಿ ತುರುಕಿದೆವು. ಹುಡುಗ ಅಲುಗಿಸಿ ನೋಡಿ, ಬೇಡವೆಂಬಂತೆ ನಮ್ಮ ಮುಖ ನೋಡಿದ. ನಾವು, "ಇಷ್ಟು ಹಗುರದ ಸಾಮಾನಿಗೆ ಇದು ಸಾಕಯ್ಯ. ದುಡ್ಡು ಉಳಿಯಿತು ನೋಡು" ಎಂದೆವು. ಹಿರಿಯರ ಮಾತು; ಅವನು ಎದುರಾಡಲಿಲ್ಲ.

ಮೂರನೆಯ ದಿನ ಸಂಜೆ ಆಫೀಸಿನಿಂದ ಬಂದು ಚಹಾ ಕುಡಿಯುತ್ತಿದ್ದೆವು. ಹಿತ್ತಲಲ್ಲಿ ಕರೆಂಟಿನ ಕೀಸುಳಿಯ ಸದ್ದು. ಲಕಡಗಂಜಿನ ಬಡಗಿಯೊಬ್ಬರಿಂದ ಎರವಲು ತಂದದ್ದು, ಇಲ್ಲಿಯವರು ಅದಕ್ಕೆ ರಂದಾ ಎನ್ನುತ್ತಾರೆ. ಸದ್ದು ಒಮ್ಮೆ ಬೇರೆಯಾಗಿ ಕೇಳಿ ನಿಂತಿತು. ಹೋಗಿ ನೋಡಿದರೆ ಸುತ್ತೋಲೆಗಳು ಜಾರಿ ಹೊರಗೆ ಬಿದ್ದಿದ್ದವು. ಸ್ಟ್ಯಾಂಡು ಒಂದು ಕಾಲಿನ ಮೇಲೆ ವಾಲಿತ್ತು. ಹಲಗೆಯ ಬಾಲದ ಕಡೆ, ತುದಿಯಿಂದ ನಾಲ್ಕಂಗುಲ ಒಳಗೆ, ಹೆಬ್ಬೆರಳು ಮುಳುಗುವಷ್ಟು ಆಳದ ಗಾಯ ಅಡ್ಡಲಾಗಿ ಬಿದ್ದಿತ್ತು. ಹುಡುಗ ಏನೂ ಹೇಳಲಿಲ್ಲ. ಕೀಸುಳಿಯ ತಂತಿಯನ್ನು ಸುತ್ತಿಟ್ಟು, ಬಿದ್ದ ಬಿಳಿ ಮಣಿಗಳನ್ನು ಗುಡಿಸಿ, ಕೈತೊಳೆದು ಒಳಗೆ ಹೋಗಿ ಪುಸ್ತಕ ಹಿಡಿದ. ಅವನು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಮ್ಮ ಶ್ರೀಮತಿ ಬಹಳ ಮಾತಾಡಲಿಲ್ಲ. "ಸ್ಟ್ಯಾಂಡ್ ಮಾಡಬೇಕಂತ ಹುಡುಗ ಮೊದಲೇ ಹೇಳಿದ್ದ" ಎಂದಷ್ಟೇ ಅಂದು ದೀಪ ಆರಿಸಿದಳು.

ನಮಗೆ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ಮುಲ್ಕಿಯ ಕಡೆ ಕಂಡದ್ದು ಕಣ್ಣಿಗೆ ಕಟ್ಟಿತು. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ರಿಪೇರಿಗೆ ದಡಕ್ಕೆ ಏರಿಸುತ್ತಿದ್ದರು. ದೋಣಿಯ ಕೆಳಗೆ ತೆಂಗಿನ ದಿಮ್ಮಿಗಳನ್ನು ಇಡುವುದಕ್ಕೇ ಮುದುಕರು ಅರ್ಧ ದಿನ ಕಳೆಯುತ್ತಿದ್ದರು. ಮರಳನ್ನು ಕೆದರುವುದು, ದಿಮ್ಮಿ ಹೊರಳಿಸುವುದು, ಕೂತು ನೋಡುವುದು, ಬೀಡಿ ಹಚ್ಚುವುದು, ಮತ್ತೆ ಕೆದರುವುದು. ಇವರು ಕೆಲಸ ಯಾವಾಗ ಶುರು ಮಾಡುತ್ತಾರಪ್ಪಾ ಎಂದು ನಾವು ಹುಡುಗರು ಬೇಸತ್ತು ಓಡಿಹೋಗುತ್ತಿದ್ದೆವು. ಇಪ್ಪತ್ತೈದು ವರ್ಷದ ಮೇಲೆ, ಕಡಲಿಲ್ಲದ ಊರಿನಲ್ಲಿ ಮಲಗಿಕೊಂಡು, ಅವರು ಆಗಲೇ ಕೆಲಸ ಮಾಡುತ್ತಿದ್ದರೆಂದು ನಮಗೆ ತಿಳಿಯಿತು.

ಮರುದಿನ ಆಫೀಸಿಗೆ ರಜೆ ಬರೆದೆವು. ಕಾರಣದ ಕಾಲಮಿನಲ್ಲಿ "ಗೃಹಕೃತ್ಯ" ಎಂದು ಬರೆದದ್ದು ಸುಳ್ಳಲ್ಲ. ಹುಡುಗನನ್ನು ಕೂರಿಸಿಕೊಂಡು, "ಈಗ ಹೇಳು, ಹೇಗಿರಬೇಕು?" ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅವನ ಮುಖಕ್ಕೆ ಸ್ವಲ್ಪ ಜೀವ ಬಂತು.

ಸ್ಟ್ಯಾಂಡಿನ ಗುಟ್ಟು ಹೀಗಿದೆ. ಬೋರ್ಡನ್ನು ಎರಡು ಬಗೆಯಲ್ಲಿ ಇಡಬೇಕಾಗುತ್ತದೆ. ಬೆನ್ನು ಹೊಟ್ಟೆಗಳನ್ನು ಕೆತ್ತುವಾಗ ಮಲಗಿಸಿ, ಅಂಚುಗಳನ್ನು ದುಂಡಾಗಿಸುವಾಗ ಪಕ್ಕಕ್ಕೆ ನಿಲ್ಲಿಸಿ. ಆದ್ದರಿಂದ ಕಂಬದ ತಲೆಯ ಮೇಲೆ ಒಂದು ಅಡ್ಡಪಟ್ಟಿ, ಅದರ ಎರಡು ತುದಿಗಳಿಗೆ ಎರಡು ಗಿಡ್ಡ ತೋಳುಗಳು ಬೇಕು. ತೋಳುಗಳ ಮೇಲೆ ಬೋರ್ಡು ಮಲಗುತ್ತದೆ. ತೋಳುಗಳ ನಡುವಿನ ಸಂದಿನಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ. ಬೋರ್ಡಿನ ದಪ್ಪ ಎರಡೂವರೆ ಮೂರು ಅಂಗುಲ. ಮೆತ್ತೆ ಸುತ್ತಿದ ಮೇಲೂ ಅದು ಬಿಗಿಯದೆ ಹಿಡಿಯಬೇಕಾದರೆ ಮರದಿಂದ ಮರಕ್ಕೆ ಐದು ಅಂಗುಲದ ಸಂದು ಬೇಕು, ಆಳ ಆರು. ಇಂಥ ಕಂಬಗಳು ಎರಡು, ಒಂದಕ್ಕೊಂದು ಮೂರು ಅಡಿ ದೂರದಲ್ಲಿ. ಎತ್ತರ ಎಷ್ಟೆಂಬುದಕ್ಕೆ ಪುಸ್ತಕದ ಲೆಕ್ಕ ಬೇಡ: ಕೆಲಸ ಮಾಡುವವನು ನೇರ ನಿಂತು ಮೊಣಕೈ ಮಡಿಸಿದಾಗ, ಬೋರ್ಡು ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು. ಅದಕ್ಕಿಂತ ತಗ್ಗಾದರೆ ಸೊಂಟ ಹಿಡಿಯುತ್ತದೆ, ಎತ್ತರವಾದರೆ ತೋಳು ಸೋಲುತ್ತದೆ. ನಮ್ಮ ಹುಡುಗನಿಗೆ 38 ಅಂಗುಲ ಬಂತು.

ನಾಲ್ಕು ಕಾಲಿನ ಮೇಜು ಏಕಾಗದೆಂದು ಕೇಳಿದೆವು. ಕೆತ್ತುವವನು ಒಂದೆಡೆ ನಿಲ್ಲುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಂದೇ ಎಳೆತದಲ್ಲಿ ನಡೆದು ಹೋಗಬೇಕು. ನಡುವೆ ನಿಂತರೆ ಅಲ್ಲೊಂದು ತಗ್ಗು ಬೀಳುತ್ತದೆ. ಮೇಜಿನ ಕಾಲುಗಳು ಅವನ ಕಾಲಿಗೆ ಎಡವುತ್ತವೆ. ಆದುದರಿಂದ ಒಂಟಿ ಕಂಬ. ಒಂಟಿ ಕಂಬ ಬೀಳದಿರಬೇಕಾದರೆ ಬುಡ ಭಾರವಾಗಬೇಕು. ಬೋರ್ಡಿನ ತೂಕ ಎರಡು ಮೂರು ಕಿಲೋ. ಅದನ್ನು ಹೊರುವ ಬುಡಕ್ಕೆ ನಲವತ್ತು ಕಿಲೋ ಬೇಕೆಂದರೆ ಮೊದಲು ವಿಚಿತ್ರವೆನಿಸುತ್ತದೆ. ಆದರೆ ಸ್ಟ್ಯಾಂಡು ತಡೆಯಬೇಕಾದದ್ದು ಬೋರ್ಡಿನ ತೂಕವನ್ನಲ್ಲ, ಅದನ್ನು ತಳ್ಳುವ ಮನುಷ್ಯನ ಬಲವನ್ನು. ಕೂಲರ್ ಸ್ಟ್ಯಾಂಡಿನ ವಿಷಯದಲ್ಲಿ ನಮ್ಮ ಲೆಕ್ಕ ತಪ್ಪಿದ್ದು ಇಲ್ಲಿಯೇ.

ಮರಕ್ಕಾಗಿ ಲಕಡಗಂಜಿಗೆ ಹೋದೆವು. ವಿದರ್ಭದ ಸಾಗುವಾನಿ ಬಂದು ಬೀಳುವ ಪೇಟೆ. ಗರಗಸದ ಹೊಟ್ಟಿನ ವಾಸನೆಗೇ ಒಂದು ಸುಖವಿದೆ. ಕೀಸುಳಿ ಕೊಟ್ಟ ಬಡಗಿಗೆ ಚಿತ್ರ ತೋರಿಸಿದೆವು. ಅವರು ಕನ್ನಡಕ ಏರಿಸಿ ನೋಡಿ, "ಓಹೋ, ಘೋಡಿ" ಎಂದರು. ಬಡಗಿಗಳು ಮರವನ್ನಿಟ್ಟು ಕೊಯ್ಯುವ ಆಸರೆಗೆ ಇಲ್ಲಿ ಘೋಡಿ ಎಂದೇ ಹೆಸರು, ಹೆಣ್ಣು ಕುದುರೆ. "ಮದುವೆ ಯಾರದು?" ಎಂದು ಹುಡುಗನನ್ನು ನೋಡಿ ನಕ್ಕರು. ಮೂರಂಗುಲ ಚೌಕದ ಎರಡು ತುಂಡುಗಳನ್ನು ಗುಡ್ಡೆಯಿಂದ ಆರಿಸಿ, ಗಂಟಿಲ್ಲದೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ ಕೊಟ್ಟರು. ತೋಳುಗಳಿಗೆ ಚೂರುಪಾರು ಮರವನ್ನು ಹಣವಿಲ್ಲದೆಯೇ ಸೇರಿಸಿದರು.

ಬುಡಕ್ಕೆ ಬಣ್ಣ ಬಳಿಯುವವರಿಂದ 20 ಲೀಟರಿನ ಎರಡು ಖಾಲಿ ಬಕೆಟ್ಟುಗಳು ಸಿಕ್ಕವು. ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಒಣಗಿದ ಮೇಲೆ ಮರ ಕುಗ್ಗಿ ಸಡಿಲವಾಗದಂತೆ ಕಂಬದ ಬುಡಕ್ಕೆ ನಾಲ್ಕೂ ಕಡೆ ಮೊಳೆ ಹೊಡೆದು ತಲೆ ಹೊರಗೆ ಬಿಟ್ಟೆವು. ಸಿಮೆಂಟು ಅವುಗಳನ್ನು ಹಿಡಿದುಕೊಳ್ಳುತ್ತದೆ. ಕಂಬವನ್ನು ನಡುವೆ ನಿಲ್ಲಿಸಿ, ರಸಮಟ್ಟ ಹಿಡಿದು, ನಾಲ್ಕು ಕಡೆಯಿಂದ ಹಗ್ಗ ಬಿಗಿದೆವು. ಇಲ್ಲಿ ಅವಸರ ಮಾಡಿದರೆ ಮುಂದೆ ತಿದ್ದಲಾಗುವುದಿಲ್ಲ. ಸಿಮೆಂಟು ಬಿಗಿಯುವವರೆಗೆ ನಾವೂ ಹುಡುಗನೂ ಒಂದೊಂದು ಕಂಬವನ್ನು ಹಿಡಿದುಕೊಂಡು ಹಿತ್ತಲಲ್ಲಿ ನಿಂತೆವು. ಅಷ್ಟು ಹೊತ್ತು ಅವನೊಡನೆ ಬೇರೆ ಕೆಲಸವಿಲ್ಲದೆ ನಿಂತದ್ದು ಅದೇ ಮೊದಲು. ಅವನು ಕೆಲವು ವಿಷಯ ಹೇಳಿದ. ಬ್ಯಾಂಕಿನ ಪರೀಕ್ಷೆ ತನ್ನಿಂದಾಗದೆಂದಲ್ಲ, ಆದರೆ ಊರಿನಲ್ಲಿ ಮುರಿದ ಬೋರ್ಡುಗಳನ್ನು ಸರಿಮಾಡುವವರು ಕಡಿಮೆ, ಆ ಕೆಲಸಕ್ಕೆ ಗಿರಾಕಿಗಳಿದ್ದಾರೆ ಎಂದ. ಅಮ್ಮನಿಗೆ ಹೇಳಲು ಧೈರ್ಯವಿಲ್ಲವೆಂದ. ನಾವು ಹೂಂ ಎನ್ನುತ್ತಾ ರಸಮಟ್ಟದ ಗುಳ್ಳೆಯನ್ನೇ ನೋಡುತ್ತಿದ್ದೆವು. ಎರಡೂ ವಿಷಯ ಮೊದಲು ಪಾಸಾಗು, ಆಮೇಲೆ ನಾನೇ ಅಕ್ಕನ ಹತ್ತಿರ ಮಾತಾಡುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು.

ಒಂದು ವಾರ ಬಕೆಟ್ಟುಗಳಿಗೆ ನೀರುಣಿಸಿದೆವು. ತೋಳುಗಳಿಗೆ ಮೆತ್ತೆ ಬೇಕಾಯಿತು. ಬರಿಯ ಮರ ತಗಲಿದರೂ ಥರ್ಮೊಕೋಲಿಗೆ ತಗ್ಗು ಬೀಳುತ್ತದೆ. ಅದಲ್ಲದೆ ಬೋರ್ಡಿನ ಹೊಟ್ಟೆ ನೇರವಲ್ಲ, ದೋಣಿಯ ಹಾಗೆ ಮೂಗಿನ ಕಡೆ ಮೇಲಕ್ಕೆ ಬಾಗಿರುವುದರಿಂದ, ಮೆತ್ತೆಯಿದ್ದರೆ ಮಾತ್ರ ಸರಿಯಾಗಿ ಕೂರುತ್ತದೆ. ನಮ್ಮ ಶ್ರೀಮತಿ ಟ್ರಂಕಿನಿಂದ ತನ್ನ ಅಜ್ಜಿ ಹೊಲಿದ ಹಳೆಯ ಕೌದಿಯನ್ನು ತೆಗೆದಳು. ಇಲಿ ಕಡಿದ ಒಂದು ಮೂಲೆ ಅದರಲ್ಲಿತ್ತು. ಆ ಮೂಲೆಯನ್ನಷ್ಟೇ ಕತ್ತರಿಸಿ, ನಾಲ್ಕು ತುಂಡು ಮಾಡಿ, ತೋಳುಗಳಿಗೆ ತಾನೇ ಸುತ್ತಿ ಹೊಲಿದಳು. ಇಳಕಲ್ಲಿನ ಅಂಚಿನ ಚೂರೊಂದು ಇಂದಿಗೂ ಅದರಲ್ಲಿ ಕಾಣುತ್ತದೆ.

ಗಾಯವಾದ ಹಲಗೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ತುಂಬಿಸಬಹುದಿತ್ತು; ಆದರೆ ಬಾಲದ ಹತ್ತಿರ ಸವಾರನ ಹಿಂಗಾಲು ಒತ್ತುವ ಜಾಗ, ತೇಪೆ ಅಲ್ಲಿ ಬೇಡವೆಂದ. ಹೊಸ ಸ್ಟ್ಯಾಂಡಿನ ಮೇಲೆ ಹಲಗೆಯನ್ನಿಟ್ಟು ಬಹಳ ಹೊತ್ತು ನೋಡಿದ. ಕೊನೆಗೆ ಪೆನ್ಸಿಲು ತೆಗೆದುಕೊಂಡು ಗಾಯದ ಮುಂದೆ ಅಡ್ಡಗೆರೆ ಎಳೆದು ಕೊಯ್ದುಬಿಟ್ಟ. ಎಂಟು ಅಂಗುಲ ಹೋಯಿತು. ಉಳಿದದ್ದು ಐದೂವರೆ ಅಡಿ. "ಇನ್ನು ಇದು ನನ್ನನ್ನು ಹೊರುವುದಿಲ್ಲ ಮಾವ. ತಂಗಿಗೆ ಆಗುತ್ತದೆ" ಎಂದ. ತಂಗಿಗೆ ಹದಿನಾಲ್ಕು ವರ್ಷ. ಮುಲ್ಕಿಯ ನೀರಿನಲ್ಲಿ ಕಲಿತು, ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುತ್ತ ಸಾಗುವ ಸ್ಪರ್ಧೆಗಳಲ್ಲಿ ಹೊರದೇಶದವರೆಗೂ ಹೋದ ತನ್ವಿ ಜಗದೀಶರ ಚಿತ್ರ ಅವಳ ಓದುವ ಮೇಜಿನ ಮೇಲಿದೆಯೆಂದು ನಮಗೆ ಆಗ ತಿಳಿಯಿತು.

ಮುಂದಿನ ಕೆಲಸ ರಾತ್ರಿಯ ಹೊತ್ತು ನಡೆಯಿತು. ಹಗಲಿನ ಬೆಳಕು ಮೇಲಿನಿಂದ ಬೀಳುವುದರಿಂದ ಉಬ್ಬುತಗ್ಗುಗಳು ಅಡಗುತ್ತವೆ. ಬೋರ್ಡಿನ ಮಟ್ಟದಲ್ಲಿ ಎರಡು ಪಕ್ಕಗಳಿಂದ ಬೆಳಕು ಹಾಯಿಸಿದರೆ, ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬೀಳುತ್ತದೆ. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಕಟ್ಟಿದ್ದ ಎರಡು ಟ್ಯೂಬ್‌ಲೈಟುಗಳು ನಮ್ಮ ಮನೆಯಲ್ಲಿಯೇ ಉಳಿದಿದ್ದವು. (ಕಾರ್ಯದರ್ಶಿಗಳು ಕ್ಷಮಿಸಬೇಕು. ಅವು ಎಲ್ಲಿ ಹೋದವೆಂದು ಸಭೆಯಲ್ಲಿ ಕೇಳಿದಾಗ ನಾವು ಸುಮ್ಮನಿದ್ದುದಕ್ಕೆ ಇದೇ ಕಾರಣ.) ಅವನ್ನು ಎರಡು ಸ್ಟೂಲುಗಳ ಮೇಲೆ ನಿಲ್ಲಿಸಿ, ಹಿತ್ತಲಿನ ದೊಡ್ಡ ದೀಪ ಆರಿಸಿದೆವು. ಬೆಳಿಗ್ಗೆ ಗಾಜಿನಂತೆ ಕಂಡಿದ್ದ ಹಲಗೆ ಆಗ ಗದ್ದೆಯಂತೆ ಕಂಡಿತು. ಚಳಿಯಲ್ಲಿ ಸ್ವೆಟರು ಹಾಕಿಕೊಂಡು, ಮೂಗಿಗೆ ಮಾಸ್ಕು ಕಟ್ಟಿಕೊಂಡು, ಹುಡುಗ ಮೂಗಿನಿಂದ ಬಾಲಕ್ಕೆ, ಬಾಲದಿಂದ ಮೂಗಿಗೆ ನಡೆಯುತ್ತಿದ್ದ. ಕಂಬಗಳು ಅಲುಗಲಿಲ್ಲ. ಕಾಂಪೌಂಡಿನ ಆಚೆ ನಾಲ್ಕು ಮನೆಯವರು ಬಂದು ನಿಂತು ನೋಡಿದರು. ಕಾಕು ಮಾತ್ರ, ತಾನು ಒಣಗಹಾಕಿದ್ದ ಸೀರೆಗೆಲ್ಲ ಬಿಳಿ ಮಣಿಗಳು ಅಂಟಿವೆಯೆಂದು ಜಗಳ ತೆಗೆದರು. ನಮ್ಮ ಮಗಳು ಬ್ರಷ್ಷು ಹಿಡಿದು ಹೋಗಿ ಸಂಧಾನ ಮಾಡಿ ಬಂದಳು.

ರಾಳ ಹೊಯ್ಯುವಾಗ ತೋಳುಗಳನ್ನು ಬಿಚ್ಚಿ, ಕಂಬದ ತಲೆಗೆ ಚಿಕ್ಕ ಹಲಗೆ ಹೊಡೆದು ಪ್ಲಾಸ್ಟಿಕ್ಕು ಸುತ್ತಿದೆವು. ತೊಟ್ಟಿಕ್ಕುವ ರಾಳ ಕೌದಿಗೆ ಅಂಟಿದರೆ ಬೋರ್ಡೂ ಸ್ಟ್ಯಾಂಡೂ ಒಂದೇ ಆಗಿಬಿಡುತ್ತವೆ. ಚಳಿಯಲ್ಲಿ ಎಪಾಕ್ಸಿ ನಿಧಾನವಾಗಿ ಬಿಗಿಯುವುದರಿಂದ ಮಧ್ಯಾಹ್ನದ ಬಿಸಿಲು ಕಾದು ಆ ಕೆಲಸ ಮಾಡಿದ. ನಾಗಪುರದ ಮೇ ತಿಂಗಳಲ್ಲಾಗಿದ್ದರೆ ಡಬ್ಬದಲ್ಲಿಯೇ ಕಲ್ಲಾಗುತ್ತಿತ್ತೋ ಏನೋ.

2025ರ ಮೇ ತಿಂಗಳಲ್ಲಿ ಊರಿಗೆ ಹೊರಟೆವು. ಬೋರ್ಡನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ರೈಲಿಗೆ ಏರಿಸಿದಾಗ, ಇಸ್ತ್ರಿ ಮಾಡುವ ಮೇಜೇ ಎಂದು ಇಬ್ಬರು ಕೇಳಿದರು. ಮುಂಬಯಿಯಲ್ಲಿ ಗಾಡಿ ಬದಲಿಸಿ ಕೊಂಕಣ ರೈಲಿನಲ್ಲಿ ಮುಲ್ಕಿಗೆ ಇಳಿದೆವು. ಅಕ್ಕ ಬೋರ್ಡನ್ನು ನೋಡಿದಳು, ಮಗನನ್ನು ನೋಡಿದಳು, ಕೊನೆಗೆ ನಮ್ಮನ್ನು ನೋಡಿದಳು. "ಓದಲಿಕ್ಕೆ ಕಳಿಸಿದ್ದು ನಾನು" ಎಂದಳು. ಪರೀಕ್ಷೆಯಲ್ಲಿ ಒಂದು ವಿಷಯ ಪಾಸಾಗಿತ್ತು, ಇನ್ನೊಂದು ಉಳಿದಿತ್ತು. ಕಂಬ ಹಿಡಿದು ನಿಂತಾಗ ಕೊಟ್ಟ ಮಾತಿನ ಅರ್ಧವನ್ನಾದರೂ ನಡೆಸಬೇಕೆಂದು ಆ ರಾತ್ರಿ ಅಕ್ಕನ ಹತ್ತಿರ ಮಾತಾಡಿದೆವು. ಅದು ಚೆನ್ನಾಗಿ ಮುಗಿಯಲಿಲ್ಲ. ಆಮೇಲೆ ಎರಡು ತಿಂಗಳು ಆಕೆ ನಮಗೆ ಫೋನು ಮಾಡಲಿಲ್ಲ. ಹುಡುಗಿ ಮಾತ್ರ ಮರುದಿನ ಬೆಳಿಗ್ಗೆ ಅಣ್ಣನೊಡನೆ ಸಸಿಹಿತ್ಲುವಿಗೆ ಹೋಗಿ, ಹತ್ತು ಸಲ ಬಿದ್ದು, ಹನ್ನೊಂದನೆಯ ಸಲ ನಿಂತಳು. ನಾವು ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆವು.

ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಏಷ್ಯಾದ ಸರ್ಫಿಂಗ್ ಸ್ಪರ್ಧೆ ನಡೆದು, ರಮೇಶ ಬೂದಿಹಾಳ ಎಂಬವರು ಕಂಚಿನ ಪದಕ ಗೆದ್ದರು; ಆ ಸ್ಪರ್ಧೆಯಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯರು. ಕರ್ನಾಟಕ ಮೂಲದ ಕುಟುಂಬದವರು, ಬೆಳೆದದ್ದು ಕೇರಳದ ಕೋವಳಂನಲ್ಲಿ. ನಮ್ಮ ಹಾಗೆಯೇ ಊರು ಬಿಟ್ಟು ಬಂದ ಮನೆಯ ಮಗನೆಂದು ಓದಿ ನಮಗೆ ಸಂತೋಷವಾಯಿತು. ಆ ಪತ್ರಿಕೆಯ ಚಿತ್ರವನ್ನು ಅಕ್ಕನ ಮೊಬೈಲಿಗೆ ಕಳಿಸಿದೆವು. ಉತ್ತರ ಬರಲಿಲ್ಲ, ನೋಡಿದ ಗುರುತು ಮಾತ್ರ ಬಂತು.

ಸ್ಟ್ಯಾಂಡುಗಳು ನಮ್ಮಲ್ಲಿಯೇ ಉಳಿದವು. ಒಂದೊಂದು ನಲವತ್ತು ಕಿಲೋಗಿಂತ ಹೆಚ್ಚು. ರೈಲಿನಲ್ಲಿ ಒಯ್ಯುವವರು ಯಾರು? ಈಗ ಅವುಗಳ ನಡುವೆ ಬಿದಿರು ಹಾಕಿ ಬಟ್ಟೆ ಒಣಗಿಸುತ್ತೇವೆ. ಕಳೆದ ಅಕ್ಟೋಬರದ ಒಂದು ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಹುಡುಗನ ಫೋನು ಬಂತು. ಅಲ್ಲಿಯೇ ಒಂದು ಜೊತೆ ಮಾಡುತ್ತಿದ್ದಾನಂತೆ, ಇಬ್ಬರು ರಿಪೇರಿಗೆ ಬೋರ್ಡು ಕೊಟ್ಟಿದ್ದಾರಂತೆ. ಬಕೆಟ್ಟಿಗೆ ಸಿಮೆಂಟು ಹಾಕಿಯಾಗಿದೆ, ಕಂಬ ನಿಲ್ಲಿಸಿಯಾಗಿದೆ. ಸಿಮೆಂಟಿನ ಮೇಲೆ ಕಂಬ ಎಷ್ಟು ಕಾಣಬೇಕೆಂಬ ಅಳತೆಯ ಚೀಟಿ ಮಾತ್ರ ಕಳೆದುಹೋಗಿದೆಯೆಂದ. ನಾವು ಟಾರ್ಚು, ಟೇಪು ಹಿಡಿದು ಹಿತ್ತಲಿಗೆ ಹೋದೆವು. ಒದ್ದೆ ಬಟ್ಟೆಗಳನ್ನು ಸರಿಸಿ ಕೂತು ಟೇಪು ಎಳೆಯುತ್ತಿದ್ದಾಗ, ಫೋ಼ನಿನ ಆ ಕಡೆ ಹಿಂದಿನಿಂದ ಇನ್ನೊಂದು ದನಿ ಕೇಳಿತು:

"ಬೇಗ ಹೇಳಲಿಕ್ಕೆ ಹೇಳು ಮಾರಾಯ, ಕಂಬ ಹಿಡಿದು ಹಿಡಿದು ನನ್ನ ಕೈ ಸೋತುಹೋಯಿತು."